ಹುಲ್ಲಿಗೆ ಜಾರುವ, ಬಾಯಿಗೆ ಬಗ್ಗುವ ಗಾಳ

ನನ್ನ ಮೇಜಿನ ಮೇಲೆ ಒಂದು ಹಳೆಯ ಫ್ಲೈ ಇದೆ, ಅಂದರೆ ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟಿದ ನಕಲಿ ಬೇಟೆ. ಬೆರಳಿಗಿಂತ ಸ್ವಲ್ಪ ಉದ್ದ. ಬಿಳಿ ಹೊಟ್ಟೆ, ಕಪ್ಪು ಹಸಿರು ಬೆನ್ನು, ಎರಡು ದೊಡ್ಡ ಕಣ್ಣು. ಗಾಳವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕೂದಲು, ದಾರ, ಅಂಟು. ಆದರೂ ನೀರಿಗೆ ಬಿಟ್ಟು ಎಳೆದರೆ ಪುಟ್ಟ ಮೀನೇ ಈಜಿಕೊಂಡು ಬಂದಂತೆ ಕಾಣುತ್ತದೆ. ಗಾಳದ ಮೊನೆಯ ಕೆಳಗೆ ನೈಲಾನ್ ಎಳೆಯೊಂದು ಬಿಲ್ಲಿನ ಹಾಗೆ ಬಾಗಿ ನಿಂತಿದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಎಳೆಯ ಮೇಲೆ ಸಣ್ಣ ಸಣ್ಣ ಗೀರುಗಳಿವೆ. ಅವು ಪೈಕ್ ಎಂಬ ಬೇಟೆಗಾರ ಮೀನಿನ ಹಲ್ಲಿನ ಗುರುತು.

ಆವತ್ತು ಮೀನು ನಾಲ್ಕು ಸಲ ಕಚ್ಚಿತು. ನಾಲ್ಕು ಸಲವೂ ಕೈಗೆ ಒಂದು ಕ್ಷಣ ಭಾರ ಸಿಕ್ಕಿತು, ಮರುಕ್ಷಣ ದಾರ ಸಡಿಲವಾಯಿತು. ಒಂದೂ ಮೀನು ನಿಲ್ಲಲಿಲ್ಲ. ಫ್ಲೈಗೆ ಒಂದು ಎಳೆ ಹುಲ್ಲೂ ಸಿಕ್ಕಿಕೊಂಡಿರಲಿಲ್ಲ. ಅಂದರೆ ಆ ನೈಲಾನ್ ಎಳೆ ತನ್ನ ಅರ್ಧ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಹುಲ್ಲನ್ನು ತಡೆದಿತ್ತು. ಆದರೆ ಮೀನಿನ ಬಾಯನ್ನೂ ತಡೆದಿತ್ತು. ಹುಲ್ಲು ಯಾವುದು, ಬಾಯಿ ಯಾವುದು ಅಂತ ಒಂದು ನೈಲಾನ್ ತುಂಡಿಗೆ ಹೇಗೆ ತಿಳಿಸಿಕೊಡುವುದು? ಜೊಂಡಿನ ನಡುವೆ ಎಳೆಯುವ ಫ್ಲೈ ಕಟ್ಟುವವರ ಮುಂದಿರುವ ನಿಜವಾದ ಪ್ರಶ್ನೆ ಇದು.

ಫ್ಲೈ ಅಂದರೆ ನೊಣ. ಈ ವಿದ್ಯೆ ಶುರುವಾದದ್ದು ಕೀಟದ ನಕಲಿನಿಂದಲೇ. ಸುಮಾರು 1800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ದೊಡ್ಡ ಮೀನಿಗೆ ನೊಣ ಸಾಲದು, ಅದು ಮೀನನ್ನೇ ತಿನ್ನುತ್ತದೆ. ಹಾಗಾಗಿ ಫ್ಲೈ ಕೂಡ ಮೀನಿನ ರೂಪ ತಾಳಿತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ದೊಡ್ಡ ಮೀನು ಜೊಂಡಿನಲ್ಲೇ ಯಾಕಿರುತ್ತದೆ? ಪೈಕ್ ಮೀನಿನ ಮೈ ನೋಡಿ. ಬೆನ್ನಿನ ರೆಕ್ಕೆ, ಕೆಳಗಿನ ರೆಕ್ಕೆ ಎರಡೂ ಹಿಂದಕ್ಕೆ ಸರಿದು ಬಾಲದ ಪಕ್ಕ ಸೇರಿಕೊಂಡಿವೆ. ಮೂರೂ ಸೇರಿ ಒಂದೇ ದೊಡ್ಡ ಹುಟ್ಟಿನ ಹಾಗೆ ನೀರನ್ನು ತಳ್ಳುತ್ತವೆ. ದೂರ ಓಡಿಸಿಕೊಂಡು ಹೋಗುವುದಕ್ಕೆ ಆದ ಮೈ ಅಲ್ಲ ಅದು. ಅಲುಗಾಡದೆ ನಿಂತು, ಒಂದೇ ನೆಗೆತಕ್ಕೆ ಎರಗುವ ಮೈ. ಲಾರ್ಜ್‌ಮೌತ್ ಬಾಸ್ ಮೀನಿಗೂ ಮರೆ ಬೇಕು. ಹಾವುತಲೆ ಮೀನಿಗಂತೂ ಗಿಡ ತುಂಬಿದ ನೀರೇ ಮನೆ. ಅದು ಮೇಲೆ ಬಂದು ಗಾಳಿ ಕುಡಿಯಬಲ್ಲದು. ಆದ್ದರಿಂದ ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಬದುಕುತ್ತದೆ.

ಗಿಡ ಜಾಸ್ತಿ ಇದ್ದಷ್ಟೂ ಬೇಟೆ ಸುಲಭ ಅಂದುಕೊಳ್ಳಬೇಡಿ. 1982ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೊಟ್ಟಿಗಳಿಗೆ ಕೃತಕ ಗಿಡ ನೆಟ್ಟು, ಬಾಸ್ ಮೀನನ್ನೂ ಅದು ತಿನ್ನುವ ಬ್ಲೂಗಿಲ್ ಮೀನನ್ನೂ ಒಟ್ಟಿಗೆ ಬಿಟ್ಟರು. ಚದರ ಮೀಟರಿಗೆ 50 ಕಾಂಡ ಇದ್ದಾಗ ಬಾಸ್ ಬಯಲು ನೀರಿನಲ್ಲಿ ಹಿಡಿದಷ್ಟೇ ಬೇಟೆ ಹಿಡಿಯಿತು. 250 ಕಾಂಡ ಆದಾಗ ಅದಕ್ಕೆ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಗಿಡ ದಟ್ಟವಾದಂತೆ ಅದು ಹುಡುಕಿಕೊಂಡು ಓಡಾಡುವುದನ್ನು ಬಿಟ್ಟು ಹೊಂಚು ಹಾಕಲು ಶುರು ಮಾಡಿತು. ಗಾಳ ಹಾಕುವವರಿಗೆ ಇದರಲ್ಲಿ ಒಂದು ಒಳ್ಳೆಯ ಸುಳಿವಿದೆ. ದಟ್ಟ ಜೊಂಡಿನ ಹೊಟ್ಟೆಯೊಳಕ್ಕೆ ಎಸೆದು ಒದ್ದಾಡಬೇಕಿಲ್ಲ. ಅಂಚು, ಸಂದು, ಎಲೆಗಳ ನಡುವಿನ ಕಿಂಡಿ, ಅಲ್ಲಿ ಎಳೆದರೆ ಸಾಕು. ಆದರೆ ಅಂಚಿನಲ್ಲೂ ಹುಲ್ಲು ಇದ್ದೇ ಇರುತ್ತದೆ. ಮೊನೆಗೆ ಒಂದು ಎಳೆ ಪಾಚಿ ಸಿಕ್ಕಿತೋ, ಆಮೇಲೆ ಅದು ಮೀನಲ್ಲ. ಪಾಚಿ ಎಳೆದುಕೊಂಡು ಹೋಗುವ ಮೀನನ್ನು ಯಾವ ಪೈಕ್ ನಂಬುತ್ತದೆ?

ಈಗ ಮೀನಿನ ವೇಷದ ಮಾತು. ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ ಇರುವುದು ಸುಮ್ನೆ ಚೆಂದಕ್ಕಲ್ಲ. ಬೆಳಕು ಮೇಲಿನಿಂದ ಬೀಳುತ್ತದೆ, ಹೊಟ್ಟೆ ನೆರಳಲ್ಲಿರುತ್ತದೆ. ಬಣ್ಣ ಇದಕ್ಕೆ ಉಲ್ಟಾ ಇದ್ದರೆ ಬೆಳಕು ನೆರಳು ಒಂದನ್ನೊಂದು ಅಳಿಸಿ, ಮೀನು ಚಪ್ಪಟೆಯಾಗಿ ನೀರಿನಲ್ಲಿ ಕರಗಿಹೋಗುತ್ತದೆ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1896ರಲ್ಲಿ ಇದನ್ನು ವಿವರಿಸಿದ. ನೆರಳು ಬಿಡಿಸಿ ಬಿಡಿಸಿ ಪಳಗಿದ ಕಣ್ಣಿಗೆ ಅದು ಕಂಡದ್ದು ನನಗೆ ಸಹಜ ಅನ್ನಿಸುತ್ತದೆ. ಮೀನಿನ ಮೈ ಮಿನುಗುವುದು ಚರ್ಮದಲ್ಲಿರುವ ಗ್ವಾನೀನ್ ಹರಳುಗಳಿಂದ. ಅವು ಪುಟ್ಟ ಕನ್ನಡಿಗಳ ಹಾಗೆ. ಅದಕ್ಕೆ ಬದಲಾಗಿ ನಾವು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಎಳೆ ಸೇರಿಸುತ್ತೇವೆ. ನಾಲ್ಕೈದು ಎಳೆ ಸಾಕು. ಮಿನುಗು ಬಂದು ಹೋಗಬೇಕು. ಉದ್ದಕ್ಕೂ ಹೊಳೆಯುತ್ತಲೇ ಇದ್ದರೆ ಅದು ತಗಡಿನ ತುಂಡು.

ಆದರೆ ಗಿಡದ ಮರೆಯಲ್ಲಿ, ಕಲಕಿದ ನೀರಿನಲ್ಲಿ, ಕಣ್ಣಿಗಿಂತ ಮೈಯೇ ಮೊದಲು ಬೇಟೆಯನ್ನು ಗುರುತಿಸಬಹುದು. ಮೀನಿನ ಮೈ ಪಕ್ಕದಲ್ಲಿ ಉದ್ದಕ್ಕೂ ಒಂದು ಗೆರೆ ಇದೆ, ಪಾರ್ಶ್ವರೇಖೆ ಅನ್ನುತ್ತಾರೆ. ಹತ್ತಿರದ ನೀರು ಕೊಂಚ ಅಲುಗಿದರೂ ಅದಕ್ಕೆ ತಿಳಿಯುತ್ತದೆ. ಪೈಕ್‌ನ ದೊಡ್ಡ ನೆಂಟ ಮಸ್ಕಲಂಜ್ ಮೀನಿನ ಮೇಲೆ ನಡೆದ ಒಂದು ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಕಣ್ಣು ಕಾಣದಂತೆ ಮಾಡಿದ ಮೀನುಗಳು ಬೇಟೆಯ ಹಿಂದೆ ಮೆಲ್ಲಗೆ ಸಾಗುವುದನ್ನು ಬಿಟ್ಟವು. ಆದರೆ ಬೇಟೆ ತೀರ ಹತ್ತಿರ ಬಂದರೆ ಆಗಲೂ ಎರಗಿದವು!

ಇದನ್ನು ಓದಿದ ಮೇಲೆ ನಾನು ಫ್ಲೈಯ ತಲೆಯನ್ನು ದಪ್ಪ ಮಾಡತೊಡಗಿದೆ. ಜಿಂಕೆಯ ಕೂದಲಿನ ಒಳಗೆ ಗಾಳಿ ತುಂಬಿದ ಪುಟ್ಟ ಕೋಣೆಗಳಿರುತ್ತವೆ. ದಾರ ಬಿಗಿದರೆ ಕೂದಲು ಅಲ್ಲಿ ಅಮುಕಿಕೊಂಡು, ತುದಿಗಳು ಕೊಡೆ ಬಿಚ್ಚಿದ ಹಾಗೆ ಅರಳುತ್ತವೆ. ಅದನ್ನು ಕತ್ತರಿಸಿ ದುಂಡು ಮಾಡಿದರೆ ನೀರನ್ನು ತಳ್ಳುವ ತಲೆ ಸಿದ್ಧ. ದಪ್ಪ ತಲೆಯ ಹಿಂದೆ ನೀರು ಎಡಕ್ಕೊಂದು ಬಲಕ್ಕೊಂದು ಸುಳಿ ಬಿಡುತ್ತ ಹೋಗುತ್ತದೆ. ಹಿಂದಿರುವ ತೆಳು ಬಾಲ ಆ ಸುಳಿಗಳ ನಡುವೆ ತಾನಾಗಿ ತೂಗುತ್ತದೆ. ಬಾಲವನ್ನು ಅಲ್ಲಾಡಿಸಲು ನಾವೇನೂ ಮಾಡಬೇಕಿಲ್ಲ, ತಲೆಯೇ ಆ ಕೆಲಸ ಮಾಡುತ್ತದೆ.

ಬಾಲಕ್ಕೆ ಇನ್ನೊಂದು ರೋಗವಿದೆ. ಎಸೆಯುವಾಗ ಅದು ಗಾಳದ ಬಾಗಿಗೆ ಸುತ್ತಿಕೊಳ್ಳುತ್ತದೆ. ಲೆಫ್ಟಿ ಕ್ರೆ ಎಂಬ ಅಮೆರಿಕದ ಫ್ಲೈ ಮೀನುಗಾರ 1950ರ ದಶಕದ ಕೊನೆಯಲ್ಲಿ ಕಟ್ಟಿದ ‘ಡಿಸೀವರ್’ ಎಂಬ ಫ್ಲೈ ಇದಕ್ಕೆ ಸರಳ ಪರಿಹಾರ ಕೊಟ್ಟಿತು. ಉದ್ದ ಗರಿಗಳನ್ನು ಗಾಳದ ಹಿಂತುದಿಯಲ್ಲೇ ಕಟ್ಟಿ, ಅದರ ಬುಡಕ್ಕೆ ಕೂದಲಿನ ಆಸರೆ ಕೊಟ್ಟರೆ ಸುತ್ತಿಕೊಳ್ಳಲು ಸಡಿಲ ಸಿಗುವುದಿಲ್ಲ. ಆ ಫ್ಲೈ ಎಷ್ಟು ಹೆಸರಾಯಿತು ಅಂದರೆ 1991ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂತು.

ಇನ್ನು ವೀಡ್‌ಗಾರ್ಡ್, ಅಂದರೆ ಆ ನೈಲಾನ್ ಬಿಲ್ಲು. ಅದರ ಒಂದು ತುದಿ ಗಾಳದ ಬಾಗಿನ ಮೇಲೆ, ಇನ್ನೊಂದು ತುದಿ ದಾರ ಕಟ್ಟುವ ತೂತಿನ ಹಿಂದೆ. ನಡುವೆ ಅದು ಮೊನೆಯ ಕೆಳಗೆ ಬಳಸಿಕೊಂಡು ಹೋಗುತ್ತದೆ. ಫ್ಲೈ ಮುಂದಕ್ಕೆ ಬರುತ್ತಿರುವಾಗ ಹುಲ್ಲಿನ ಕಾಂಡ ಮೂತಿಗೆ ತಾಗಿ, ಎಳೆಯ ಉದ್ದಕ್ಕೂ ಜಾರಿ, ಮೊನೆಯನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಮೀನಿನ ದವಡೆ ಹಾಗೆ ಬರುವುದಿಲ್ಲ. ಅದು ಮೇಲಿಂದ ಕೆಳಗಿಂದ ಒತ್ತುತ್ತದೆ. ಬಿಲ್ಲಿನ ಉದ್ದಕ್ಕೆ ಬೆರಳು ಜಾರಿಸಿ ನೋಡಿ, ಬಿಲ್ಲು ಬಗ್ಗುವುದಿಲ್ಲ. ಅದೇ ಬೆರಳಿನಿಂದ ನಡುಮಧ್ಯೆ ಒತ್ತಿ, ಬಗ್ಗುತ್ತದೆ. ಹುಲ್ಲಿಗೂ ಬಾಯಿಗೂ ಇರುವ ವ್ಯತ್ಯಾಸ ಬರೀ ಬಲದ್ದಲ್ಲ, ದಿಕ್ಕಿನದು. ನೈಲಾನ್ ತುಂಡು ಗುರುತಿಸುವುದು ಇದನ್ನೇ.

ಆದರೆ ಬಗ್ಗುವುದಕ್ಕೂ ಒಂದು ಮಿತಿ ಬೇಕಲ್ವಾ? ಇಲ್ಲಿ ನಾನು ಎಡವಿದ್ದೆ. ದುಂಡನೆಯ ಎಳೆಯ ಗಡಸು ಅದರ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. ದಪ್ಪ ಎರಡರಷ್ಟಾದರೆ ಗಡಸು ಎರಡರಷ್ಟಲ್ಲ, ಹದಿನಾರರಷ್ಟು! ನಾನು ಕಟ್ಟಿದ್ದು 0.60 ಮಿಲಿಮೀಟರ್ ಎಳೆ. ಅದರ ಬದಲು 0.45 ಹಾಕಿದ್ದರೆ? ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಲೆಕ್ಕ ಹಾಕಿದರೆ ಮೊದಲನೆಯದು ಮೂರು ಪಟ್ಟಿಗಿಂತ ಜಾಸ್ತಿ ಗಡಸು. ಉದ್ದದ ಲೆಕ್ಕವೂ ಹೀಗೇ ಇದೆ, ಆದರೆ ಉಲ್ಟಾ. ಬಿಲ್ಲಿನ ಉದ್ದ ಎರಡರಷ್ಟಾದರೆ ಅದು ಎಂಟು ಪಟ್ಟು ಮೆದುವಾಗುತ್ತದೆ. ಚಿಕ್ಕ ಗಾಳಕ್ಕೆ ಹೊಂದಿದ ಎಳೆಯನ್ನೇ ದೊಡ್ಡ ಗಾಳಕ್ಕೆ ಕಟ್ಟಿದರೆ ಅದು ಹುಲ್ಲಿಗೂ ಬಗ್ಗಿಬಿಡುವುದು ಇದರಿಂದಲೇ. ಗಾಳದ ತಂತಿಯಷ್ಟೇ ದಪ್ಪ, ಇಲ್ಲವೇ ಅದಕ್ಕಿಂತ ಕೊಂಚ ತೆಳು, ಅನ್ನುವ ಕೈಯಂದಾಜು ಒಳ್ಳೆಯ ಆರಂಭ. ಆಮೇಲೆ ಬೆರಳೇ ಹೇಳಬೇಕು.

ಇನ್ನೂ ಒಂದು ವಿಷಯ ನನಗೆ ತಡವಾಗಿ ತಿಳಿಯಿತು. ನೈಲಾನ್ ನೀರು ಕುಡಿಯುತ್ತದೆ, ಕುಡಿದರೆ ಮೆದುವಾಗುತ್ತದೆ. ಮೇಜಿನ ಮೇಲೆ ಹದವಾಗಿದ್ದ ಬಿಲ್ಲು ಕೆರೆಯಲ್ಲಿ ಗಂಟೆ ಕಳೆದ ಮೇಲೆ ಸೋತಂತಿರುತ್ತದೆ. ಫ್ಲೂರೋಕಾರ್ಬನ್ ಎಳೆ ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಒದ್ದೆಯಾದರೂ ಅದರ ಗಡಸು ಉಳಿಯುತ್ತದೆ. ನಾನು ನೈಲಾನ್ ಬಿಟ್ಟಿಲ್ಲ. ಫ್ಲೈಯನ್ನು ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಒತ್ತಿ ನೋಡುತ್ತೇನೆ.

ಕಟ್ಟುವ ಕ್ರಮ ಹೀಗೆ. ಗಾಳವನ್ನು ವೈಸ್ ಎಂಬ ಹಿಡಿಕೆಯಲ್ಲಿ ಬಿಗಿದು, ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇನೆ. ಮೊನೆ ಸಲೀಸಾಗಿ ಒಳಹೋಗುತ್ತದೆ, ಮೀನನ್ನು ಬಿಡಿಸುವುದೂ ಸುಲಭ. ದಾರವನ್ನು ಬಾಗಿನ ಇಳಿಜಾರಿನವರೆಗೆ ಸುತ್ತಿಕೊಂಡು ಬರುತ್ತೇನೆ. ನೈಲಾನಿನ ತುದಿಯನ್ನು ಹಲ್ಲಿರುವ ಇಕ್ಕಳದಲ್ಲಿ ಕಚ್ಚಿ ಚಪ್ಪಟೆ ಮಾಡದಿದ್ದರೆ ಅದು ದಾರದಡಿ ತಿರುಗುತ್ತದೆ, ಬಿಲ್ಲು ಒಂದು ಪಕ್ಕಕ್ಕೆ ವಾಲುತ್ತದೆ. ಚಪ್ಪಟೆ ಮಾಡಿದ ತುದಿಯ ಮೇಲೆ ಒತ್ತೊತ್ತಾಗಿ ಸುತ್ತು ಹಾಕಿ, ಒಂದು ಹನಿ ಅಂಟು ಬಿಟ್ಟು, ಉಳಿದ ಉದ್ದವನ್ನು ಹಿಂದಕ್ಕೆ ಬಿಟ್ಟಿರುತ್ತೇನೆ. ಈಗ ಬಾಲ, ಹೊಟ್ಟೆ, ಬೆನ್ನು, ಮಿನುಗು, ತಲೆ. ಮೊನೆಗೂ ಗಾಳದ ನೇರ ಕಡ್ಡಿಗೂ ನಡುವಿನ ಜಾಗವನ್ನು ಕೂದಲು ತುಂಬಬಾರದು. ಅಲ್ಲಿ ಮೀನಿನ ದವಡೆ ಬರಬೇಕು. ಆದ್ದರಿಂದ ಅಗಲ ಬಾಯಿಯ ಗಾಳ ಆರಿಸುವುದು.

ಕಡೆಗೆ ನೈಲಾನನ್ನು ಮೊನೆಯ ಕೆಳಗಿಂದ ಮುಂದಕ್ಕೆ ತಂದು, ಮೊನೆಗಿಂತ ಮೂರ್ನಾಲ್ಕು ಮಿಲಿಮೀಟರ್ ಕೆಳಗೆ ಇಳಿಯುವಷ್ಟು ಬಿಟ್ಟು, ತೂತಿನ ಹಿಂದೆ ನಾಲ್ಕು ಸುತ್ತು ಹಾಕುತ್ತೇನೆ. ಅಷ್ಟಕ್ಕೇ ಬಿಟ್ಟರೆ ಎರಡನೇ ಮೀನಿಗೆ ಅದು ಜಾರಿಕೊಂಡು ಹೊರಬರುತ್ತದೆ. ತುದಿಯನ್ನು ಹಿಂದಕ್ಕೆ ಮಡಚಿ ಮೇಲೆ ಮತ್ತೆ ಸುತ್ತಬೇಕು. ಇಷ್ಟು ಆದಮೇಲೆ ತೋರುಬೆರಳಿಂದ ಬಿಲ್ಲನ್ನು ಒತ್ತುತ್ತೇನೆ. ಮೊನೆ ಬೆರಳಿಗೆ ಚುಚ್ಚಬೇಕು, ಬೆರಳು ತೆಗೆದರೆ ಬಿಲ್ಲು ಮೊದಲಿನ ಜಾಗಕ್ಕೆ ಬರಬೇಕು.

ಬೇರೆ ದಾರಿಯೂ ಇದೆ. ಅಮೆರಿಕದ ಇನ್ನೊಬ್ಬ ಫ್ಲೈ ಮೀನುಗಾರ ಬಾಬ್ ಕ್ಲೌಸರ್ 1987ರಲ್ಲಿ ಕಟ್ಟಿದ ಫ್ಲೈಯಲ್ಲಿ ಡಂಬೆಲ್ ಆಕಾರದ ಲೋಹದ ಕಣ್ಣುಗಳು ಗಾಳದ ಕಡ್ಡಿಯ ಮೇಲ್ಬದಿಗೆ ಇರುತ್ತವೆ. ಭಾರ ಕೆಳಗೆ ಬರಲು ನೋಡುತ್ತದೆ, ಹಾಗಾಗಿ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ಅದರ ಮುಂದೆ ಕೂದಲು ಮರೆಯಾಗಿ ನಿಲ್ಲುತ್ತದೆ. ತಳದ ಕಲ್ಲು, ಮರದ ತುಂಡುಗಳಿಂದ ತಪ್ಪಿಸಿಕೊಳ್ಳಲು ಇದು ಬಲು ಚೆನ್ನ. ಆದರೆ ಎಳೆಯುವುದನ್ನು ನಿಲ್ಲಿಸಿದರೆ ಮೂತಿ ಕೆಳಗಾಗಿ ಮುಳುಗುತ್ತದೆ. ತಾವರೆ ಎಲೆಯ ಕಿಂಡಿಗಳಲ್ಲಿ ಮುಳುಗಿದರೆ ಕಾಂಡಗಳ ಗೊಂಚಲೊಳಗೇ ಹೋಗಿ ಕೂರುತ್ತದೆ. ಅಂಥ ಕಡೆ ನನಗೆ ಹಗುರ ಫ್ಲೈ ಮತ್ತು ನೈಲಾನ್ ಬಿಲ್ಲೇ ಇಷ್ಟ. ಹಗುರವಾದದ್ದು ಮೀನು ಬಾಯಿ ತೆರೆದು ನೀರು ಹೀರಿದಾಗ ನೀರಿನ ಜೊತೆ ತಾನೂ ಒಳಹೋಗುತ್ತದೆ.

ಮೀನು ಕಚ್ಚಿದಾಗ ಕೋಲು ಎತ್ತುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಕೋಲು ಬಳುಕಿ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ. ಆ ಉಳಿದ ಬಲದಲ್ಲಿ ಬಿಲ್ಲು ಬಗ್ಗಬೇಕು, ಮೊನೆ ಗಟ್ಟಿ ದವಡೆಗೆ ಇಳಿಯಬೇಕು. ಕೋಲನ್ನು ನೀರಿನ ಕಡೆ ನೇರ ಹಿಡಿದು, ದಾರವನ್ನು ಕೈಯಿಂದಲೇ ಜಗ್ಗಿದರೆ ಬಲ ಸೋರುವುದಿಲ್ಲ. ಪೈಕ್‌ಗಾದರೆ ಫ್ಲೈಯ ಮುಂದೆ ಒಂದು ಗೇಣು ಉಕ್ಕಿನ ತಂತಿ ಇರಲೇಬೇಕು. ಇಲ್ಲದಿದ್ದರೆ ಅದು ದಾರ ಕಡಿದು, ಗಾಳವನ್ನು ಬಾಯಲ್ಲಿ ಹೊತ್ತುಕೊಂಡು ಹೋಗುತ್ತದೆ. ಅದು ಮೀನಿಗೆ ಮಾಡುವ ಅನ್ಯಾಯ.

ಆ ನಾಲ್ಕು ಮೀನು ತಪ್ಪಿದ ವಾರ ಅದೇ ಮಾದರಿಯ ಇನ್ನೊಂದು ಫ್ಲೈ ಕಟ್ಟಿದೆ. ಅದೇ ಅಳತೆಯ ಗಾಳ, ಅದೇ ಬಗೆಯ ಕೂದಲು. ನೈಲಾನ್ ಮಾತ್ರ 0.45. ಅದೇ ತಾವರೆಯ ಅಂಚಿಗೆ ಎಸೆದು, ಎರಡು ಎಲೆಗಳ ಮೇಲೆ ಹತ್ತಿಸಿ ಇಳಿಸಿ, ಕಿಂಡಿಯಲ್ಲಿ ನಿಲ್ಲಿಸಿದೆ. ನೀರು ಒಳಗಿಂದ ಉಬ್ಬಿತು. ಕೈಯಿಂದ ಜಗ್ಗಿದೆ. ಈ ಸಲ ಭಾರ ಹಾಗೇ ನಿಂತಿತು.

ಬಲೆಯೊಳಗೆ ನೋಡಿದಾಗ ಗಾಳ ದವಡೆಯ ಮೂಲೆಯಲ್ಲಿತ್ತು. ಬಿಲ್ಲು ಪೂರ್ತಿ ಮಡಚಿ ಕಡ್ಡಿಗೆ ಅಂಟಿಕೊಂಡಿತ್ತು. ಇಕ್ಕಳದಿಂದ ಮೊನೆ ಬಿಡಿಸಿ, ಮೀನನ್ನು ನೀರಿನಲ್ಲೇ ಹಿಡಿದು ಕೊಂಚ ಹೊತ್ತು ಕಾದೆ. ಅದು ಬಾಲ ಬೀಸಿ ಜೊಂಡಿನೊಳಗೆ ಹೋಯಿತು. ಕೈಯಲ್ಲಿದ್ದ ಫ್ಲೈ ನೋಡಿದರೆ, ನೈಲಾನ್ ಎಳೆ ಆಗಲೇ ನಿಧಾನವಾಗಿ ಎದ್ದು ಮೊನೆಯ ಕೆಳಗೆ ಬಂದು ನಿಲ್ಲುತ್ತಿತ್ತು.