ಬೆಲೆ ಕಟ್ಟಿದ ಮಾತ್ರೆ, ಸಿಗದ ಮಾತ್ರೆ

ನನ್ನ ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಒಂದು ಕತ್ತರಿ ಸದಾ ಇರುತ್ತದೆ. ತಿಂಗಳ ಮೊದಲ ವಾರ ಅದಕ್ಕೆ ಕೆಲಸ ಕಡಿಮೆ. ಇಪ್ಪತ್ತನೇ ತಾರೀಕು ದಾಟಿತು ಅಂದರೆ ಕೈಬಿಡುವಿಲ್ಲ. "ಪೂರ್ತಿ ಸ್ಟ್ರಿಪ್ ಬೇಡಪ್ಪ, ಐದು ಮಾತ್ರೆ ಕೊಡು ಸಾಕು" ಅನ್ನುತ್ತಾರೆ ಒಬ್ಬ ಅಜ್ಜಿ. ಬಿಪಿ ಮಾತ್ರೆ ಅದು. ಎಕ್ಸ್‌ಪೈರಿ ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯಬೇಕು, ಮಿಕ್ಕ ಮಾತ್ರೆಗಳನ್ನು ಇನ್ನೊಬ್ಬರಿಗೆ ಕೊಡಬೇಕಲ್ವಾ? ಹಾಗಾಗಿ ಅಜ್ಜಿಯ ಕೈಗೆ ಹೋಗುವ ತುಂಡಿನಲ್ಲಿ ಹೆಸರು ಅರ್ಧ, ತಾರೀಕು ಇಲ್ಲವೇ ಇಲ್ಲ. ಕವರ್ ಮೇಲೆ ದಪ್ಪ ಅಕ್ಷರದಲ್ಲಿ ಎರಡನ್ನೂ ಬರೆದುಕೊಡುತ್ತೇನೆ. ಅವರಿಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ.

"ಔಷಧಿಗೆ ಸರ್ಕಾರ ಬೆಲೆ ಕಟ್ಟಿದೆಯಂತೆ, ಆದ್ರೂ ಇಷ್ಟು ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆಲೆ ಕಟ್ಟಿರುವುದು ನಿಜ. ಅದನ್ನು ಹೇಗೆ ಕಟ್ಟುತ್ತಾರೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿ ಅಂತ ಒಂದಿದೆ. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳಿಗೆ ಗರಿಷ್ಠ ಬೆಲೆ ಗೊತ್ತು ಮಾಡುವುದು ಎನ್‌ಪಿಪಿಎ ಎಂಬ ಪ್ರಾಧಿಕಾರ. 1995ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ತಯಾರಿಕೆಗೆ ಎಷ್ಟು ಖರ್ಚಾಗುತ್ತದೆ ಅನ್ನುವುದರ ಮೇಲೆ ಲೆಕ್ಕ ನಡೆಯುತ್ತಿತ್ತು. 2013ರ ಆದೇಶ ಬಂದಮೇಲೆ ಲೆಕ್ಕವೇ ಬದಲಾಯಿತು. ಮಾರುಕಟ್ಟೆಯಲ್ಲಿ ಶೇ. 1ಕ್ಕೆ ಕಮ್ಮಿಯಿಲ್ಲದ ಪಾಲು ಇರುವ ಬ್ರಾಂಡ್‌ಗಳು ಅಂಗಡಿಯವರಿಗೆ ಯಾವ ದರಕ್ಕೆ ಬೀಳುತ್ತವೆ ಎಂದು ನೋಡಿ, ಅದರ ಸರಾಸರಿ ತೆಗೆದು, ಅಂಗಡಿಯವರ ಪಾಲು ಶೇ. 16 ಸೇರಿಸುತ್ತಾರೆ. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, ನಾಲ್ಕು ಬ್ರಾಂಡ್‌ಗಳ ಒಂದು ಮಾತ್ರೆಯ ದರ 4, 10, 12, 14 ರೂಪಾಯಿ ಇದೆ ಅಂದುಕೊಳ್ಳಿ. ಸರಾಸರಿ 10. ಶೇ. 16 ಸೇರಿಸಿದರೆ 11 ರೂಪಾಯಿ 60 ಪೈಸೆ. ಜಿಎಸ್‌ಟಿ ಇದರ ಮೇಲೆ. 12ಕ್ಕೂ 14ಕ್ಕೂ ಕೊಡುತ್ತಿದ್ದವರು ಇಳಿಸಲೇಬೇಕು. ಆದರೆ ಎಲ್ಲರೂ ಜಾಸ್ತಿ ಬೆಲೆ ಇಟ್ಟಿದ್ದರೆ ಸರಾಸರಿಯೂ ಜಾಸ್ತಿಯೇ ಬರುತ್ತದೆ. ಈ ಲೆಕ್ಕದಲ್ಲಿ ನನಗೆ ಸಮಾಧಾನವಿಲ್ಲದಿರುವುದು ಅದಕ್ಕೇ.

ನಿಯಂತ್ರಣವೇ ಸಡಿಲವಾಗಿ ಹೋಗುವ ಕಾಲವೂ ಒಂದಿತ್ತು. 2002ರಲ್ಲಿ ಕೇಂದ್ರ ಅಂಥ ಔಷಧ ನೀತಿಯನ್ನು ತಂದಾಗ ಅದಕ್ಕೆ ತಡೆ ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟ್. 2003ರಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಪಕ್ಕಕ್ಕಿಟ್ಟಿತು. ಜೊತೆಗೇ, ಅಗತ್ಯ ಮತ್ತು ಜೀವ ಉಳಿಸುವ ಔಷಧಗಳು ಬೆಲೆ ನಿಯಂತ್ರಣದಿಂದ ಹೊರಗೆ ಹೋಗದಂತೆ ನೋಡಿಕೊಳ್ಳಿ ಎಂದು ಕೇಂದ್ರಕ್ಕೆ ಹೇಳಿತು. ಆ ಮಾತು ಬಾರದಿದ್ದರೆ ಇವತ್ತಿನ ಪಟ್ಟಿ ಇಷ್ಟು ಉದ್ದ ಇರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಬೆಲೆ ಮಿತಿ ಕೆಲಸ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. 2017ರ ಫೆಬ್ರವರಿಯಲ್ಲಿ ಹೃದಯದ ರಕ್ತನಾಳಕ್ಕೆ ಹಾಕುವ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಮಿತಿ ಬಂತು. ಅದಕ್ಕೆ ಮೊದಲು ಲಕ್ಷ ದಾಟುತ್ತಿತ್ತು. ಅದೇ ಆಗಸ್ಟ್‌ನಲ್ಲಿ ಮಂಡಿಗೆ ಹಾಕುವ ಇಂಪ್ಲಾಂಟಿಗೂ ಮಿತಿ ಬಂತು. ಆದರೆ ಆ ಆದೇಶ ಇಂಪ್ಲಾಂಟಿಗೆ ಮಾತ್ರ, ಇಡೀ ಆಪರೇಷನ್ನಿಗಲ್ಲ.

ವಯಸ್ಸಾದವರ ಕಷ್ಟ ಬೇರೆ ಥರದ್ದು. ಅವರದು ಒಂದು ಸಲದ ಖರ್ಚಲ್ಲ, ಬದುಕಿರುವವರೆಗೂ ತಿಂಗಳು ತಿಂಗಳು ಬರುವ ಖರ್ಚು. 70 ತುಂಬಿದವರಿಗೆ ಕೇಂದ್ರದ ಆಯುಷ್ಮಾನ್ ಯೋಜನೆ ಇದೆ. ಅದು ಆಸ್ಪತ್ರೆಗೆ ಸೇರಿದಾಗ ಆಸರೆಯಾಗುತ್ತದೆ. ಮನೆಯಲ್ಲಿ ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೆ ಕೈಯಿಂದಲೇ ಕೊಡಬೇಕು. ಹಾಗಾಗಿ ಡಾಕ್ಟರ ಚೀಟಿಯ ಪ್ರತಿ ಸಾಲಿಗೂ ಮಿತಿ ತಲುಪಿದೆಯಾ ಅನ್ನುವುದು ಅವರಿಗೆ ಬಹಳ ಮುಖ್ಯ.

ಎಲ್ಲ ಸಾಲಿಗೂ ತಲುಪಿಲ್ಲ. ಔಷಧದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಎಷ್ಟು ಮಿಲಿಗ್ರಾಂ, ಮಾತ್ರೆಯೋ ಸಿರಪ್ಪೋ ಅದೂ ಇರಬೇಕು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಪಟ್ಟಿಯಲ್ಲಿದೆ. ಅದಕ್ಕೆ ಇನ್ನೊಂದು ಬಿಪಿ ಔಷಧ ಆಮ್ಲೋಡಿಪಿನ್ ಸೇರಿಸಿದ ಜೋಡಿ ಮಾತ್ರೆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಔಷಧದ ಬೆಲೆಯನ್ನು ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಹಾಗೆ ಏರಿಸುತ್ತಾ ಹೋದರೆ 100 ರೂಪಾಯಿಯ ಸ್ಟ್ರಿಪ್ ಐದು ವರ್ಷಕ್ಕೆ 161 ರೂಪಾಯಿ. ಪಟ್ಟಿಯಲ್ಲಿರುವ ಔಷಧಕ್ಕೂ ಸಗಟು ಬೆಲೆ ಸೂಚ್ಯಂಕದ ಪ್ರಕಾರ ಏಪ್ರಿಲ್‌ನಲ್ಲಿ ಏರಿಕೆ ಉಂಟು. 2023ರಲ್ಲಿ ಅದು ಶೇ. 12.12 ಆಗಿತ್ತು, ಮರುವರ್ಷ ಹೆಚ್ಚುಕಮ್ಮಿ ಸೊನ್ನೆ. ಅಜ್ಜಿಯ ಪಿಂಚಣಿಗೆ ಅಂಥ ಯಾವ ಸೂಚ್ಯಂಕವೂ ಇಲ್ಲ.

"ಜೋಡಿ ಮಾತ್ರೆ ಬಿಟ್ಟು ಎರಡು ಬಿಡಿ ಮಾತ್ರೆ ತಗೊಳ್ಳೋದಾ?" ಎಂದು ಕೇಳಿದರೆ ಡಾಕ್ಟರನ್ನು ಕೇಳಿ ನೋಡಿ ಅನ್ನುತ್ತೇನೆ. ಹಲವು ಸಲ ದುಡ್ಡು ಉಳಿಯುತ್ತದೆ. ಆದರೆ ಕಣ್ಣು ಮಂಜಾದವರಿಗೆ, ಮರೆವು ಇರುವವರಿಗೆ ದಿನಕ್ಕೆ ಆರು ಮಾತ್ರೆ ಎಂಟಾದರೆ ತಪ್ಪಾಗುವುದೂ ಜಾಸ್ತಿ. ಅಂಥವರಿಗೆ ಜೋಡಿ ಮಾತ್ರೆಯೇ ವಾಸಿ. ಇನ್ನೊಂದು ಮಾತು. ದುಡ್ಡು ಉಳಿಸಲು ಮಾತ್ರೆ ಮುರಿದು ಅರ್ಧರ್ಧ ನುಂಗುವವರಿದ್ದಾರೆ. ಹೆಸರಿನ ಪಕ್ಕ 'ಎಸ್ಆರ್' ಅಥವಾ 'ಸಿಆರ್' ಎಂದಿದ್ದರೆ ಕೇಳದೆ ಮುರಿಯಬೇಡಿ. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಇಳಿದುಬಿಡಬಹುದು.

ಈಗ ನನ್ನ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. ಮಿತಿ ತೀರಾ ಕೆಳಗಿದ್ದರೆ ಏನಾಗುತ್ತದೆ? ಕಚ್ಚಾ ಪದಾರ್ಥದ ಬೆಲೆ ಏರುತ್ತದೆ, ಮಾರುವ ಬೆಲೆ ಏರುವುದಿಲ್ಲ. ಒಂದೊಂದೇ ಕಂಪನಿ ತಯಾರಿಕೆ ಕಡಿಮೆ ಮಾಡುತ್ತದೆ. ಪಟ್ಟಿಯ ಔಷಧ ನಿಲ್ಲಿಸುವುದಾದರೆ ಆರು ತಿಂಗಳು ಮೊದಲೇ ತಿಳಿಸಬೇಕು ಎಂಬ ನಿಯಮವೇನೋ ಇದೆ. ನಮಗೆ ಕೇಳಿಸುವುದು ಮಾತ್ರ ಸ್ಟಾಕಿಸ್ಟ್ ಹುಡುಗನ ಒಂದೇ ಮಾತು: "ಶಾರ್ಟ್ ಇದೆ ಸಾರ್."

2024ರ ಅಕ್ಟೋಬರ್‌ನಲ್ಲಿ ಎನ್‌ಪಿಪಿಎ ಎಂಟು ಔಷಧಗಳ ಗರಿಷ್ಠ ಬೆಲೆಯನ್ನು ಶೇ. 50 ಏರಿಸಿತು. ತಯಾರಿಸುವುದು ಗಿಟ್ಟುತ್ತಿಲ್ಲ ಎಂದು ಕಂಪನಿಗಳು ಅರ್ಜಿ ಹಾಕಿದ್ದವು. ಆ ಎಂಟರಲ್ಲಿ ಯಾವ ಯಾವುವು ಇವೆ ನೋಡಿ. ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾಗೆ ಹಾಕುವ ಪೈಲೋಕಾರ್ಪಿನ್ ಹನಿ. ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ. ಉಬ್ಬಸಕ್ಕೆ ಸಾಲ್ಬುಟಮಾಲ್. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯಲ್ಲಿ ಪದೇ ಪದೇ ರಕ್ತ ಪಡೆಯುವವರ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣ ತೆಗೆಯುವ ಡೆಸ್ಫೆರಿಯಾಕ್ಸಮೈನ್. ಪೆನಿಸಿಲಿನ್ ಕೂಡ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯ ಎಂದು ಗುರುತಿಸಿದ 21 ಬಗೆಗಳಲ್ಲಿ ಮಾನಸಿಕ ಕಾಯಿಲೆ, ಥಲಸ್ಸೇಮಿಯಾ, ದೃಷ್ಟಿ ಮಂದತೆ ಎಲ್ಲವೂ ಇವೆ. ಕೈಗೆಟುಕಬೇಕು ಎಂದು ಮಿತಿ ಹಾಕಿದ್ದು ಯಾರಿಗಾಗಿಯೋ, ಮಾತ್ರೆ ಸಿಗದೆ ಅಲೆದವರೂ ಅವರೇ. 2021ರಲ್ಲಿ ಮೂರ್ಛೆರೋಗದ ಕಾರ್ಬಮಜೆಪಿನ್‌ಗೂ ಇದೇ ರೀತಿ ಬೆಲೆ ಏರಿಸಬೇಕಾಯಿತು.

ಲಿಥಿಯಂ ಸಿಗದಿದ್ದರೆ ಇನ್ನೊಂದು ಬ್ರಾಂಡ್ ಕೊಡಿ ಅನ್ನುವಷ್ಟು ಸುಲಭವಲ್ಲ. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಏರಿದರೂ ವಿಷ, ಸ್ವಲ್ಪ ಇಳಿದರೂ ಕಾಯಿಲೆ ಮರುಕಳಿಸಬಹುದು. ಬ್ರಾಂಡ್ ಬದಲಾದರೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕಾಗಬಹುದು. ಮಗನನ್ನು ನೋಡಿಕೊಳ್ಳುವ ಒಬ್ಬ ತಾಯಿ ಒಂದೇ ದಿನ ನಾಲ್ಕು ಅಂಗಡಿ ಸುತ್ತಿ ನನ್ನ ಹತ್ತಿರ ಬಂದಿದ್ದರು. ಮಾತ್ರೆಗಿಂತ ಆಟೋಗೆ ಜಾಸ್ತಿ ಖರ್ಚಾಗಿತ್ತು.

ಹಾಗಾದರೆ ಮಿತಿ ಬೇಡವೇ? ಬೇಕೇ ಬೇಕು. ಪೈಪೋಟಿಯಿಂದ ಬೆಲೆ ಇಳಿದದ್ದನ್ನೂ ನೋಡಿದ್ದೇನೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದಾಗ 60 ರೂಪಾಯಿ ಆಸುಪಾಸಿನ ಶುಗರ್ ಮಾತ್ರೆ 10 ರೂಪಾಯಿ ಆಸುಪಾಸಿಗೆ ಬಂತು. ಅದಕ್ಕೆ ಕೊಳ್ಳುವವರು ಬೇಕಾದಷ್ಟು ಇದ್ದಾರೆ, ಕಂಪನಿಗಳು ಮುಗಿಬಿದ್ದವು. ಪೈಲೋಕಾರ್ಪಿನ್‌ಗೆ ಯಾರು ಮುಗಿಬೀಳುತ್ತಾರೆ? ಅಂಥ ಔಷಧಗಳನ್ನು ಕಂಪನಿ ಅರ್ಜಿ ಹಾಕುವವರೆಗೆ ಕಾಯದೆ ವರ್ಷ ವರ್ಷ ನೋಡಬೇಕು. ಎಷ್ಟು ಕಂಪನಿ ತಯಾರಿಸುತ್ತಿವೆ, ತಾಲ್ಲೂಕಿನ ಅಂಗಡಿಯಲ್ಲಿ ಸಿಗುತ್ತಿದೆಯಾ ಎಂದು ಲೆಕ್ಕ ಇಡಬೇಕು. ಬೆಲೆ ಏರಿಸಲೇಬೇಕಾದರೆ ಏರಿಸಲಿ, ಆ ಹೆಚ್ಚಿನ ಭಾರ ಪಿಂಚಣಿಯವರ ಮೇಲೆ ಬೀಳದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಂತಾಗಲಿ.

ಆ ಪೈಲೋಕಾರ್ಪಿನ್ ಹನಿಗೆ ನನ್ನಲ್ಲಿಗೆ ಬರುವ ಒಬ್ಬ ಯಜಮಾನರಿದ್ದಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ, ಒಂದು ಕಣ್ಣು ಆಗಲೇ ಹೋಗಿದೆ. ಶಾರ್ಟೇಜ್ ಇದ್ದಾಗ ಎರಡು ಸಲ ಬರಿಗೈಲಿ ಕಳಿಸಿದ್ದೆ. ಸ್ಟಾಕ್ ಬಂದ ದಿನ ಬೆಲೆ ಏರಿದೆ ಎಂದು ಹೇಳಲು ನನಗೇ ಸಂಕೋಚ. ಅವರು ಬಾಟಲಿಯನ್ನು ಇನ್ನೊಂದು ಕಣ್ಣಿನ ಹತ್ತಿರ ಹಿಡಿದು ನೋಡಿದರು. ದುಡ್ಡು ಎಣಿಸಿ ಕೊಟ್ಟರು. ಬೆಲೆಯ ಮಾತೇ ಎತ್ತಲಿಲ್ಲ.

"ಮುಂದಿನ ತಿಂಗಳೂ ಇದು ಸಿಗುತ್ತದೇನಪ್ಪಾ?" ಎಂದರು.

ಎರಡು ಬಾಟಲಿ ಡ್ರಾಯರಿನಲ್ಲಿ ಅವರಿಗೆಂದೇ ತೆಗೆದಿಟ್ಟಿದ್ದೇನೆ.