ನೋವು ಮಂಡಿಯಲ್ಲಿ, ಸ್ಕ್ಯಾನ್ ಎದೆಗೆ ಯಾಕೆ?

ಕುಮಟಾದ ನಮ್ಮ ನೆರೆಮನೆ ಹುಡುಗನ ಮಂಡಿ ಊದಿಕೊಂಡಾಗ, ವಾಲಿಬಾಲ್ ಆಡಿ ಉಳುಕಿರಬೇಕು ಎಂದುಕೊಂಡರು. ಎರಡು ತಿಂಗಳು ಎಣ್ಣೆ ತಿಕ್ಕಿಸಿದ್ದಾಯಿತು. ರಾತ್ರಿ ನೋವಿಗೆ ನಿದ್ದೆಯೇ ಬಾರದಾದ ಮೇಲೆ ಎಕ್ಸ್‌ರೇ, ಅಲ್ಲಿಂದ ಮಣಿಪಾಲ. ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್. ಎತ್ತರ ಬೆಳೆಯುವ ಹದಿವಯಸ್ಸಿನಲ್ಲೇ, ಅದೂ ಮಂಡಿಯ ಆಸುಪಾಸಿನಲ್ಲೇ ಹೆಚ್ಚು. "ನೋವಿರೂದು ಕಾಲಲ್ಲಿ, ಎದೆ ಸ್ಕ್ಯಾನ್ ಎಂತಕ್ಕೆ?" ಎಂದು ಅವನ ಅಮ್ಮ ಕೇಳಿದರು.

ವೈದ್ಯರನ್ನೂ ಬಹುಕಾಲ ಕಾಡಿದ ಪ್ರಶ್ನೆ ಅದು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿ, ಕ್ಯಾನ್ಸರ್ ಸಿಕ್ಕಸಿಕ್ಕಲ್ಲಿ ನೆಲೆಯೂರುವುದಿಲ್ಲ, ಬೀಜಕ್ಕೆ ಒಗ್ಗುವ ಮಣ್ಣು ಬೇಕು ಎಂದರು. ಅಘನಾಶಿನಿ ನದಿಮುಖದ ಗಜನಿ ಗದ್ದೆ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಉಪ್ಪುನೀರು ನುಗ್ಗಿದಲ್ಲಿ ಬೇರೆ ಭತ್ತ ಕೊಳೆಯುತ್ತದೆ, ಕಗ್ಗ ಎಂಬ ತಳಿ ಮಾತ್ರ ತಲೆ ಎತ್ತುತ್ತದೆ. ಮೂಳೆ ಕ್ಯಾನ್ಸರಿನ ಜೀವಕಣಗಳಿಗೆ ಅಂಥ ಗದ್ದೆ ಶ್ವಾಸಕೋಶ. ರಕ್ತದಲ್ಲಿ ಹೋಗಿ ಅಲ್ಲಿಗೆ ಬಿದ್ದವುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಕೆಲವೇ ಕೆಲವು ಬದುಕುತ್ತವೆ.

ಇದಕ್ಕೆ ಮದ್ದಿಲ್ಲದ ಕಾಲದಲ್ಲಿ ಕಾಲು ಕತ್ತರಿಸಿ ಕಳಿಸುತ್ತಿದ್ದರು. ಗಾಯ ಮಾಯುತ್ತಿತ್ತು, ಕೆಲವು ತಿಂಗಳಲ್ಲಿ ಎದೆಯಲ್ಲಿ ಗಡ್ಡೆ ಕಾಣಿಸುತ್ತಿತ್ತು. 1970ರ ದಶಕದಲ್ಲಿ ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್ ಎಂಬ ಕೀಮೋ ಮದ್ದುಗಳು ಬಂದವು. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬರೀ ಶಸ್ತ್ರಚಿಕಿತ್ಸೆಯಾದವರಲ್ಲಿ ಎರಡು ವರ್ಷ ರೋಗ ಮರಳದೆ ಉಳಿದವರು ಶೇ. 17, ಕೀಮೋ ಸೇರಿದಾಗ ಶೇ. 66. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದೇ. ಸಂಕಟದ ಮಾತೆಂದರೆ, ಆಮೇಲಿನ ದಶಕಗಳಲ್ಲಿ ಅಂಥ ಇನ್ನೊಂದು ಜಿಗಿತ ಬಂದಿಲ್ಲ.

ಯಾಕೆಂದರೆ ಈ ಕ್ಯಾನ್ಸರಿನಲ್ಲಿ ಕೆಟ್ಟ ಕಣವನ್ನು ತಡೆಯುವ ಪಿ53 ವಂಶವಾಹಿಯೇ ಸಾಮಾನ್ಯವಾಗಿ ಹಾಳಾಗಿರುತ್ತದೆ. ಕ್ರೋಮೋಸೋಮುಗಳು ಒಡೆದು, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಲ್ಲಿ ಅಡ್ಡಾದಿಡ್ಡಿ ಕೂಡಿಕೊಂಡಿರುತ್ತವೆ. ಮದ್ದಿಗೆ ಎಲ್ಲರಲ್ಲೂ ಹೊಂದುವ ಒಂದೇ ಗುರಿ ಸಿಗುವುದಿಲ್ಲ. ಆದ್ದರಿಂದ ಸಂಶೋಧಕರು ಶ್ವಾಸಕೋಶಕ್ಕೆ ಬಿದ್ದ ಕಣ ಬದುಕುವುದು ಹೇಗೆ ಎಂಬುದರ ಬೆನ್ನುಹತ್ತಿದರು. ಕಣದ ಪೊರೆಯನ್ನು ಒಳಗಿನ ಹಂದರಕ್ಕೆ ಕಟ್ಟಿಹಾಕುವ ಎಜ್ರಿನ್ ಎಂಬ ಪ್ರೋಟೀನು ಅದಕ್ಕೆ ನೆರವಾಗುತ್ತದೆ ಎಂದು 2004ರಲ್ಲಿ ಇಲಿಗಳಲ್ಲಿ ಕಂಡಿತು. ಗಡ್ಡೆಗೆ ಹೊಸ ರಕ್ತನಾಳ ಚಿಗುರಿಸುವ ಸಂಕೇತಗಳನ್ನು ತಡೆಯುವ ರೆಗೊರಾಫೆನಿಬ್ ಎಂಬ ಮದ್ದು, ರೋಗ ಮರಳಿದವರಲ್ಲಿ ಬೆಳವಣಿಗೆಯನ್ನು ಕೆಲವು ವಾರ ಮುಂದೂಡಿತು. ವಾಸಿ ಮಾಡಲಿಲ್ಲ.

ಹುಡುಗನ ಎದೆ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಹಾಗಿದ್ದ ಮೇಲೆ ಕೀಮೋ ಯಾಕೆ ಎಂದು ಅವನ ಅಮ್ಮ ಮತ್ತೆ ಕೇಳಿದರು. ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಅಲ್ಲಿರಬಹುದು, ಅವಕ್ಕಾಗಿಯೇ ಕೀಮೋ ಎಂದೆ.