ಇಂಗ್ಲಿಷ್ ಕಲಿಸಲು ಅಂತರ್ಜಾಲದ ಸಾಧನಗಳು: ಕರಾವಳಿಯ ಕನ್ನಡ ಮಾಧ್ಯಮ ತರಗತಿಗಳಿಗಾಗಿ ಅಧ್ಯಯನ ಟಿಪ್ಪಣಿ

ಬೋಧನಾಭ್ಯಾಸಕ್ಕೆಂದು ಮಂಗಳೂರು ಮತ್ತು ಉಡುಪಿಯ ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗಲಿರುವ ಬಿ.ಎಡ್. ಸಹಪಾಠಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಕರ್ನಾಟಕದ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗುತ್ತಿದೆ. ಅಂದರೆ ನಮ್ಮ ಮುಂದೆ ಕುಳಿತುಕೊಳ್ಳುವ ಎಂಟನೇ ತರಗತಿಯ ವಿದ್ಯಾರ್ಥಿ ಏಳು ವರ್ಷ ಇಂಗ್ಲಿಷ್ ಪಾಠ ಕೇಳಿದವನಾಗಿರುತ್ತಾನೆ. ಅಕ್ಷರ ಅವನಿಗೆ ಗೊತ್ತಿದೆ, ಗದ್ಯಭಾಗವನ್ನು ಗಟ್ಟಿಯಾಗಿ ಓದಬಲ್ಲ, ಪ್ರಶ್ನೆಗೆ ಹೊಂದುವ ವಾಕ್ಯವನ್ನು ಪಾಠದಿಂದ ಹುಡುಕಿ ಬರೆಯಬಲ್ಲ. ಆದರೆ ಆ ಏಳು ವರ್ಷಗಳಲ್ಲಿ ಅವನ ಕಿವಿಗೆ ಬಿದ್ದ ಇಂಗ್ಲಿಷ್ ಬಹುಪಾಲು ಒಬ್ಬರೋ ಇಬ್ಬರೋ ಅಧ್ಯಾಪಕರ ಧ್ವನಿ ಮಾತ್ರ, ಮತ್ತು ಅವನು ತಾನಾಗಿ ಕಟ್ಟಿ ಆಡಿದ ವಾಕ್ಯಗಳು ಬಹಳ ಕಡಿಮೆ. ಆದ್ದರಿಂದ ಯಾವುದೇ ಜಾಲತಾಣವನ್ನೋ ಆ್ಯಪನ್ನೋ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತರಗತಿಯು ತಾನಾಗಿ ಕೊಡಲಾರದ ಯಾವುದನ್ನು ಇದು ಕೊಡುತ್ತದೆ? ಪಠ್ಯಪುಸ್ತಕದಲ್ಲಿ ಇರುವುದನ್ನೇ ಬಣ್ಣ ಹಚ್ಚಿ ಪರದೆಯ ಮೇಲೆ ತೋರಿಸುವ ಸಾಧನ ಎಷ್ಟೇ ಆಕರ್ಷಕವಾಗಿದ್ದರೂ ನಮ್ಮ ನಲವತ್ತು ನಿಮಿಷಗಳ ಅವಧಿಯನ್ನು ಅದಕ್ಕೆ ಕೊಡಲು ಕಾರಣವಿಲ್ಲ.

ಇಲ್ಲಿಯ ತರಗತಿಯ ಭಾಷಾ ಸ್ಥಿತಿಯನ್ನೂ ಗಮನಿಸಬೇಕು. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಗಡಿಯ ಕಡೆಗೆ ಮಲಯಾಳ, ಹೀಗೆ ಮನೆಮಾತು ಹಲವು. ಶಾಲೆಯ ಕನ್ನಡವೇ ಅನೇಕ ಮಕ್ಕಳಿಗೆ ಎರಡನೆಯ ಭಾಷೆ; ಇಂಗ್ಲಿಷ್ ಮೂರನೆಯದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಕೊಂಕಣಿ 2022ರಲ್ಲಿ, ತುಳು 2024ರಲ್ಲಿ. ಈ ಸೌಲಭ್ಯವನ್ನು ವಿದ್ಯಾರ್ಥಿಯ ಮನೆಕೆಲಸಕ್ಕೆ ಬಳಸಲು ಬಿಟ್ಟರೆ ಅವನು ಮಾಡಬೇಕಾದ ಯೋಚನೆಯನ್ನು ಯಂತ್ರ ಮಾಡಿಬಿಡುತ್ತದೆ. ಅದರ ಸರಿಯಾದ ಬಳಕೆ ಅಧ್ಯಾಪಕರದ್ದು: ಚಟುವಟಿಕೆಯ ಸೂಚನೆಯೊಂದನ್ನು ಮಗುವಿನ ಮನೆಮಾತಿನಲ್ಲಿ ಹೇಗೆ ಹೇಳಬಹುದೆಂದು ನೋಡಿಕೊಳ್ಳುವುದಕ್ಕೆ ಮತ್ತು ಆ ಮಾತು ಬಲ್ಲ ಮಕ್ಕಳಿಂದಲೇ ಅದನ್ನು ತಿದ್ದಿಸಿಕೊಳ್ಳುವುದಕ್ಕೆ. ತಮ್ಮ ಮಾತನ್ನು ಅಧ್ಯಾಪಕರಿಗೆ ತಿದ್ದಿಕೊಟ್ಟ ಮಗು ಇಂಗ್ಲಿಷಿನಲ್ಲಿ ತಪ್ಪು ಮಾಡಲು ಅಷ್ಟಾಗಿ ಹೆದರುವುದಿಲ್ಲ ಎಂಬುದು ನನ್ನ ನಂಬಿಕೆ.

ಉಚ್ಚಾರಣೆ ಮತ್ತು ಆಲಿಸುವಿಕೆ

ಅಂತರ್ಜಾಲವು ನಮಗೆ ನಿಜವಾಗಿ ದೊಡ್ಡ ಉಪಕಾರ ಮಾಡುವುದು ಇಲ್ಲಿ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಕನ್ನಡ ಲಿಪಿಯಲ್ಲಿ ಬರೆದಾಗ ಪಶ್ಚಿಮ ದಿಕ್ಕಿನ ಇಂಗ್ಲಿಷ್ ಪದವೂ ಒಳ ಅಂಗಿಯ ಇಂಗ್ಲಿಷ್ ಪದವೂ ‘ವೆಸ್ಟ್’ ಎಂದೇ ಆಗುತ್ತವೆ. ಮೊದಲನೆಯದರಲ್ಲಿ ತುಟಿಗಳು ದುಂಡಗಾಗಿ ಮುಂದಕ್ಕೆ ಬರುತ್ತವೆ. ಎರಡನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ ಗಾಳಿ ಉಜ್ಜಿಕೊಂಡು ಹೊರಡುತ್ತದೆ. ನಮ್ಮ ವಕಾರ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಇದರ ಜೊತೆಗೆ, ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಇಂಗ್ಲಿಷ್ ಪದಗಳ ಕೊನೆಗೂ ಉಕಾರ ಸೇರಿ ಬಸ್ಸು, ಕಾರು ಆಗುತ್ತವೆ. ಎಕಾರದಿಂದ ಆರಂಭವಾಗುವ ಪದಗಳ ಮುಂದೆ ಯಕಾರದ ಛಾಯೆ, ಒಕಾರದ ಮುಂದೆ ವಕಾರದ ಛಾಯೆ ಬರುತ್ತದೆ. ಇವು ಮಕ್ಕಳ ಅಜಾಗರೂಕತೆಯಿಂದ ಆದವಲ್ಲ, ಅವರು ಚೆನ್ನಾಗಿ ಬಲ್ಲ ಭಾಷೆಯ ನಿಯಮದಿಂದ ಆದವು. ಆದ್ದರಿಂದ ‘ಸರಿಯಾಗಿ ಹೇಳು’ ಎಂದು ಗದರಿದರೆ ಪ್ರಯೋಜನವಿಲ್ಲ. ಮೊದಲು ಕಿವಿಗೆ ವ್ಯತ್ಯಾಸ ಕೇಳಿಸಬೇಕು.

ಯೂಗ್ಲಿಷ್ ಎಂಬ ತಾಣದಲ್ಲಿ ಒಂದು ಪದವನ್ನು ಟೈಪಿಸಿದರೆ, ಯೂಟ್ಯೂಬಿನ ವಿಡಿಯೊಗಳಲ್ಲಿ ಜನ ಆ ಪದವನ್ನು ಆಡಿದ ಕ್ಷಣಗಳು ಒಂದರ ನಂತರ ಒಂದಾಗಿ ಬರುತ್ತವೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಎಂದು ದೇಶವನ್ನು ಆರಿಸಿಕೊಳ್ಳಬಹುದು. ಫೋರ್ವೋ ತಾಣದಲ್ಲಿ ಬೇರೆ ಬೇರೆ ಊರುಗಳ ಜನ ಒಂದೇ ಪದವನ್ನು ಹೇಳಿ ದಾಖಲಿಸಿದ ಧ್ವನಿಗಳಿವೆ. ಇವೆರಡನ್ನೂ ಬಳಸುವಾಗ ಮಕ್ಕಳಿಂದ ಕೂಡಲೇ ಅನುಕರಣೆ ಮಾಡಿಸಬಾರದು. ಮೊದಲ ಸುತ್ತಿನಲ್ಲಿ ಕೇಳಿದ್ದು ಯಾವ ಪದ ಎಂದು ಒಂದು ಬೆರಳು ಅಥವಾ ಎರಡು ಬೆರಳು ಎತ್ತಿ ತೋರಿಸಲಿ. ತರಗತಿಯ ಹೆಚ್ಚಿನವರು ಗುರುತಿಸತೊಡಗಿದ ಮೇಲೆ ಮಾತ್ರ ಉಚ್ಚಾರಣೆ. ಆಮೇಲೆ ಮೊಬೈಲಿನ ಧ್ವನಿ ಮುದ್ರಕದಲ್ಲಿ ಜೋಡಿಜೋಡಿಯಾಗಿ ದಾಖಲಿಸಿ, ಮೂಲದ ಪಕ್ಕದಲ್ಲಿ ಇಟ್ಟು ಕೇಳಿಸಬಹುದು. ಇಂಗ್ಲಿಷಿನ ಒತ್ತನ್ನು ಕಲಿಸಲೂ ಇದೇ ದಾರಿ. ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯ ಭಾಗಕ್ಕೆ. ಇದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸುವುದಕ್ಕಿಂತ ಹಲವು ಜನರ ಬಾಯಲ್ಲಿ ಕೇಳಿಸುವುದು ಬೇಗ ನಾಟುತ್ತದೆ. ನಮ್ಮ ಮಕ್ಕಳು ಲಂಡನ್ನಿನವರಂತೆ ಮಾತನಾಡಬೇಕೆಂಬ ಗುರಿ ಬೇಡ. ಕೇಳಿದವರಿಗೆ ಅರ್ಥವಾಗಬೇಕು, ಬೇರೆಯವರು ಮಾತನಾಡಿದಾಗ ಇವರಿಗೆ ಅರ್ಥವಾಗಬೇಕು. ಅಷ್ಟೇ ಸಾಕು, ಮತ್ತು ಅದೇ ಕಷ್ಟದ ಕೆಲಸ.

ದೀರ್ಘ ಆಲಿಸುವಿಕೆಗೆ ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣವನ್ನು ನಾನು ಮೊದಲು ಸೂಚಿಸುತ್ತೇನೆ. ಅಲ್ಲಿಯ ಧ್ವನಿ ಪಾಠಗಳು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ, ಭಾಷಾ ಕಲಿಕೆಯ ಸಾಮಾನ್ಯ ಚೌಕಟ್ಟಿನ ಹಂತಗಳ ಪ್ರಕಾರ ವಿಂಗಡಣೆಯಾಗಿವೆ. ಆ ಚೌಕಟ್ಟಿನಲ್ಲಿ ಎ-1ರಿಂದ ಸಿ-2ರವರೆಗೆ ಆರು ಹಂತಗಳಿವೆ. ನಮ್ಮ ಎಂಟನೇ ತರಗತಿಗೆ ಎ-1ರಿಂದ ಆರಂಭಿಸುವುದು ಕ್ಷೇಮ. ಕೇಳುವುದರಲ್ಲಿ ಮಕ್ಕಳ ಮಟ್ಟ ಓದುವುದರಲ್ಲಿ ಇರುವುದಕ್ಕಿಂತ ಕೆಳಗಿರುತ್ತದೆ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಬಹಳ ಜನಪ್ರಿಯ, ಆದರೆ ಅದು ಮಧ್ಯಮ ಹಂತದವರಿಗಾಗಿ ರೂಪಿಸಿದ್ದು. ಅದನ್ನು ತರಗತಿಗೆ ತರದೆ, ನಾವೇ ಬಸ್ಸಿನಲ್ಲಿ ಬರುವಾಗ ಹೋಗುವಾಗ ಕೇಳಿ, ನಂತರ ಲಿಖಿತ ರೂಪದೊಂದಿಗೆ ಹೋಲಿಸಿಕೊಳ್ಳುವುದು ಉತ್ತಮ. ಅಧ್ಯಾಪಕರ ಇಂಗ್ಲಿಷ್ ಸುಧಾರಿಸುವುದೂ ಈ ಸಾಧನಗಳ ಕೆಲಸವೇ.

ಧ್ವನಿಯನ್ನು ಕೇಳಿಸಿ ‘ಅರ್ಥವಾಯಿತೇ’ ಎಂದರೆ ಇಡೀ ತರಗತಿ ಹೌದೆನ್ನುತ್ತದೆ. ಅದರ ಬದಲು ರುತ್ ವಾಜ್ನರಿಬ್ 1990ರಲ್ಲಿ ವಿವರವಾಗಿ ಮಂಡಿಸಿದ ಡಿಕ್ಟೊಗ್ಲಾಸ್ ವಿಧಾನವನ್ನು ಬಳಸಬಹುದು. ನಾಲ್ಕೈದು ವಾಕ್ಯಗಳ ಭಾಗವನ್ನು ಸಹಜ ವೇಗದಲ್ಲಿ ಎರಡು ಬಾರಿ ಕೇಳಿಸುವುದು. ಮೊದಲ ಬಾರಿ ಪೆನ್ನು ಕೆಳಗೆ, ಎರಡನೆಯ ಬಾರಿ ಸಿಕ್ಕಿದ ಪದಗಳನ್ನು ಮಾತ್ರ ಗುರುತು ಹಾಕಿಕೊಳ್ಳುವುದು. ಆಮೇಲೆ ಗುಂಪಿನಲ್ಲಿ ಕುಳಿತು ಆ ಪದಗಳಿಂದ ಇಡೀ ಭಾಗವನ್ನು ಮತ್ತೆ ಕಟ್ಟುವುದು. ಕೊನೆಗೆ ಮೂಲದೊಂದಿಗೆ ಹೋಲಿಸುವುದು. ಗುಂಪಿನ ಚರ್ಚೆ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆದರೆ ತಡೆಯಬೇಕಾಗಿಲ್ಲ. ಕಟ್ಟುವ ವಾಕ್ಯ ಇಂಗ್ಲಿಷಿನದು, ಮತ್ತು ‘ಇಲ್ಲಿ ಏನೋ ಬಿಟ್ಟುಹೋಗಿದೆ’ ಎಂದು ಮಕ್ಕಳಿಗೆ ತಾವಾಗಿ ಹೊಳೆಯುವುದು ಆ ಚರ್ಚೆಯಲ್ಲೇ. ಈ ವಿಧಾನಕ್ಕೆ ಬೇಕಾದುದು ಒಂದು ಧ್ವನಿ ಕಡತ ಮತ್ತು ಒಂದು ಸಣ್ಣ ಸ್ಪೀಕರ್ ಮಾತ್ರ.

ನಿಘಂಟು ಮತ್ತು ಪದಪ್ರಯೋಗ

ಕನ್ನಡ–ಇಂಗ್ಲಿಷ್ ನಿಘಂಟಿನ ವಿಷಯದಲ್ಲಿ ಮಂಗಳೂರಿಗೆ ಹಳೆಯ ಪರಂಪರೆಯಿದೆ. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದವು. ಇಂದಿನ ದಿನಬಳಕೆಗೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ, 2019ರಲ್ಲಿ ಮುಕ್ತವಾಗಿ ಬಿಡುಗಡೆಯಾದ ‘ಅಲರ್’ ಇದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥಗಳಿವೆ. ಮಗುವಿಗೆ ಹೇಳಬೇಕಾದ ಮಾತು ಕನ್ನಡದಲ್ಲಿ ಗೊತ್ತಿದ್ದು ಇಂಗ್ಲಿಷ್ ಪದ ಬೇಕಾದಾಗ ಇದು ಉಪಯುಕ್ತ. ಆದರೆ ಸಿಕ್ಕಿದ ಐದಾರು ಪದಗಳಲ್ಲಿ ಯಾವುದು ಸಂದರ್ಭಕ್ಕೆ ಒಪ್ಪುತ್ತದೆ ಎಂದು ತಿಳಿಯಲು ಕಲಿಯುವವರಿಗಾಗಿಯೇ ಬರೆದ ಇಂಗ್ಲಿಷ್ ನಿಘಂಟಿಗೆ ಹೋಗಬೇಕು. ಲಾಂಗ್‌ಮನ್ ನಿಘಂಟು ಅರ್ಥಗಳನ್ನೆಲ್ಲ ಸುಮಾರು ಎರಡು ಸಾವಿರ ಸರಳ ಪದಗಳ ಒಳಗೇ ಬರೆಯುತ್ತದೆ, ಮತ್ತು ಅದರ ಜಾಲ ಆವೃತ್ತಿಯಲ್ಲಿ ಉದಾಹರಣೆ ವಾಕ್ಯಗಳನ್ನೂ ಕೇಳಬಹುದು. ಪಾಠ ಯೋಜನೆ ಬರೆಯುವಾಗ ಕೇಂಬ್ರಿಜ್‌ನ ಇಂಗ್ಲಿಷ್ ವೊಕ್ಯಾಬ್ಯುಲರಿ ಪ್ರೊಫೈಲ್ ನೋಡಿಕೊಳ್ಳುವುದು ಒಳ್ಳೆಯದು. ಒಂದೇ ಪದದ ಬೇರೆ ಬೇರೆ ಅರ್ಥಗಳು ಬೇರೆ ಬೇರೆ ಹಂತಗಳಿಗೆ ಸೇರುತ್ತವೆ ಎಂಬುದನ್ನು ಅದು ತೋರಿಸುವುದರಿಂದ, ಯಾವ ಅರ್ಥವನ್ನು ಈಗ ಕಲಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬೇಕು ಎಂದು ನಿರ್ಧರಿಸಬಹುದು.

ವ್ಯಾಕರಣ ದೋಷಗಳನ್ನು ತಿದ್ದಲು ನಾನು ಹೆಚ್ಚು ಬೆಲೆ ಕೊಡುವುದು ‘ಸ್ಕೆಲ್’ ಎಂಬ ಸರಳ ಜಾಲ ಸಾಧನಕ್ಕೆ. ನೋಂದಣಿ ಬೇಕಿಲ್ಲ, ಒಂದು ಪದ ಕೊಟ್ಟರೆ ನಿಜವಾದ ಬರಹಗಳಿಂದ ಆಯ್ದ ನಲವತ್ತರವರೆಗೆ ವಾಕ್ಯಗಳನ್ನು ಕೊಡುತ್ತದೆ. ಉದಾಹರಣೆಗೆ, ‘ಪರೀಕ್ಷೆಯ ಬಗ್ಗೆ ಚರ್ಚಿಸಿದೆವು’ ಎಂಬಲ್ಲಿಯ ‘ಬಗ್ಗೆ’ಯನ್ನು ಮಕ್ಕಳು ಇಂಗ್ಲಿಷಿಗೂ ಕೊಂಡೊಯ್ದು ‘ಡಿಸ್ಕಸ್‌ಡ್ ಅಬೌಟ್’ ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಚುವುದರ ಬದಲು ‘ಡಿಸ್ಕಸ್’ ಇರುವ ಹತ್ತು ವಾಕ್ಯಗಳನ್ನು ಮುದ್ರಿಸಿ ಕೊಟ್ಟು, ಅದರ ಮುಂದಿನ ಪದಕ್ಕೆ ಅಡಿಗೆರೆ ಹಾಕಲು ಹೇಳಿದರೆ ನಿಯಮವನ್ನು ಅವರೇ ಕಂಡುಕೊಳ್ಳುತ್ತಾರೆ. ಕಾಲಸೂಚಕ ಕ್ರಿಯಾರೂಪಗಳಿಗೂ ಇದು ಅನ್ವಯಿಸುತ್ತದೆ. ತುಳು ಮನೆಮಾತಿನ ಮಕ್ಕಳಿಗೆ ‘ಬತ್ತೆ’ ಮತ್ತು ‘ಬೈದೆ’ ಎಂಬ ರೂಪಗಳ ವ್ಯತ್ಯಾಸ ಗೊತ್ತೇ ಇದೆ. ಬಂದದ್ದು ಮತ್ತು ಬಂದಿರುವುದು ಬೇರೆ ಎಂಬ ತಿಳಿವಳಿಕೆಯನ್ನು ನಾವು ಹೊಸದಾಗಿ ಕೊಡಬೇಕಾಗಿಲ್ಲ. ಹೊಸದಾಗಿ ತೋರಿಸಬೇಕಾದುದು ‘ನಿನ್ನೆ’ ಎಂಬಂಥ ಮುಗಿದ ಕಾಲದ ಪದ ಬಂದಾಗ ಇಂಗ್ಲಿಷ್ ‘ಬಂದಿರುವುದು’ ಎಂಬ ಅರ್ಥದ ರೂಪವನ್ನು ಒಪ್ಪುವುದಿಲ್ಲ ಎಂಬುದನ್ನು, ಮತ್ತು ಅದನ್ನು ಸ್ಕೆಲ್‌ನ ವಾಕ್ಯಗಳು ಚೆನ್ನಾಗಿ ತೋರಿಸುತ್ತವೆ.

ಓದು

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅಲ್ಲಿಯ ಚಿತ್ರಕಥೆಗಳು ನಾಲ್ಕು ಓದಿನ ಹಂತಗಳಲ್ಲಿವೆ. ಅನೇಕ ಕಥೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಮುದ್ರಿಸಿ ಹಂಚಬಹುದು, ಬೇರೆ ಭಾಷೆಗೆ ತರಬಹುದು. ಒಂದು ಕಥೆಯನ್ನು ಮಕ್ಕಳು ಮೊದಲು ಕನ್ನಡದಲ್ಲಿ ಓದಲಿ, ಮನೆಮಾತಿನಲ್ಲಿ ಪರಸ್ಪರ ಹೇಳಲಿ, ಆಮೇಲೆ ಇಂಗ್ಲಿಷ್ ಪುಟಕ್ಕೆ ಬರಲಿ. ಕಥೆ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಮೂಲಕ ತೆರೆದುಕೊಳ್ಳುವ ದೀಕ್ಷಾ ವೇದಿಕೆ ಪಾಠದ ಪುನರಾವರ್ತನೆಗೆ ಸಾಕು. ಹೆಚ್ಚುವರಿ ಓದಿನ ಜಾಗವನ್ನು ಅದು ತುಂಬುವುದಿಲ್ಲ.

ಪದಗಳನ್ನು ನೆನಪಿನಲ್ಲಿ ಉಳಿಸಲು, ಅಂತರ ಹೆಚ್ಚಿಸುತ್ತಾ ಮತ್ತೆ ಮತ್ತೆ ಕೇಳುವ ಅಂಕಿ ಎಂಬ ತಂತ್ರಾಂಶ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಹೇಳಿ ಮಾಡಿಸಿದ್ದು. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಅದು ಉಚಿತ. ರಸಪ್ರಶ್ನೆಗೆ ಕಹೂಟ್ ಪ್ರಸಿದ್ಧವಾದರೂ ಅದಕ್ಕೆ ಮಕ್ಕಳ ಕೈಯಲ್ಲಿ ಸಾಧನಗಳು ಬೇಕು. ಪ್ಲಿಕರ್ಸ್‌ನಲ್ಲಿ ಮಕ್ಕಳು ಮುದ್ರಿತ ಕಾರ್ಡನ್ನು ತಮ್ಮ ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿಯುತ್ತಾರೆ, ಅಧ್ಯಾಪಕರ ಒಂದೇ ಫೋನು ಎಲ್ಲ ಉತ್ತರಗಳನ್ನೂ ಓದಿಕೊಳ್ಳುತ್ತದೆ. ಹೆಚ್ಚಿನ ಶಾಲೆಗಳಿಗೆ ಇದೇ ಹೊಂದುತ್ತದೆ.

ಬಳಸುವ ಮೊದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಮಳೆಗೆ ವಿದ್ಯುತ್ತೂ ನೆಟ್‌ವರ್ಕೂ ಹೋಗುವುದು ಸಾಮಾನ್ಯ, ಮತ್ತು ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳ ಪಾಠ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಪ್ರತಿ ಪಾಠ ಯೋಜನೆಯಲ್ಲೂ ಧ್ವನಿ ಮತ್ತು ಪಠ್ಯವನ್ನು ಮೊದಲೇ ಇಳಿಸಿಕೊಂಡಿರಬೇಕು. ಇಂಗ್ಲಿಷ್ ವಿಕಿಪೀಡಿಯದ ಸರಳ ಆವೃತ್ತಿಯನ್ನು ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಇಡಿಯಾಗಿ ಇಳಿಸಿಟ್ಟುಕೊಂಡರೆ ಅಂತರ್ಜಾಲವಿಲ್ಲದೆಯೂ ಓದಬಹುದು.

ಎರಡನೆಯ ವಿಷಯ ಮಕ್ಕಳ ಮಾಹಿತಿಯದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಯನ್ನು ಸಂಸ್ಥೆಗಳು ಪಡೆಯಲು ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು. ಹೆಸರು, ಫೋನ್ ಸಂಖ್ಯೆ, ಭಾವಚಿತ್ರ ಕೇಳುವ ಸಾಧನಗಳಲ್ಲಿ ವಿದ್ಯಾರ್ಥಿಗಳ ಖಾತೆ ತೆರೆಸದೆ, ನಮ್ಮ ಖಾತೆಯಿಂದ ನಡೆಸಬಹುದಾದುದನ್ನೇ ಆರಿಸಬೇಕು. ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಈ ಮಾತು ಸಲ್ಲುತ್ತದೆ. ಕಠಿಣ ಗದ್ಯವೊಂದನ್ನು ಎ-2 ಹಂತಕ್ಕೆ ಇಳಿಸಿ ಬರೆಯಲು, ಬೋಳಾರದ ಮೀನುಗಾರರ ಅಥವಾ ಮಲ್ಪೆ ಬಂದರಿನ ವಿಷಯದಲ್ಲಿ ಸಣ್ಣ ಸಂಭಾಷಣೆ ಕಟ್ಟಲು ಅವು ನೆರವಾಗುತ್ತವೆ. ಆದರೆ ಇಲ್ಲದ ಸಂಗತಿಗಳನ್ನು ಇದ್ದಂತೆ ಬರೆಯುವ ದೋಷ ಅವುಗಳಲ್ಲಿದೆ. ಆದ್ದರಿಂದ ಅಧ್ಯಾಪಕರು ಸಾಲುಸಾಲಾಗಿ ಓದಿ ಪರಿಶೀಲಿಸದ ಯಾವ ಪುಟವೂ ಮಕ್ಕಳ ಕೈಗೆ ಹೋಗಕೂಡದು.

ಸಾಧನ ಫಲ ಕೊಟ್ಟಿತೋ ಎಂದು ತಿಳಿಯಲು ರಸಪ್ರಶ್ನೆಯ ಅಂಕಪಟ್ಟಿ ಸಾಲದು, ಏಕೆಂದರೆ ಅದು ಆ ಹೊತ್ತಿನ ನೆನಪನ್ನು ಮಾತ್ರ ಅಳೆಯುತ್ತದೆ. ಬೋಧನಾಭ್ಯಾಸದ ಮೊದಲ ವಾರದಲ್ಲಿ ಪ್ರತಿ ಗುಂಪಿನಿಂದ ಒಂದು ಚಿತ್ರದ ಕುರಿತು ಒಂದು ನಿಮಿಷದ ಮಾತನ್ನು ಹೆತ್ತವರ ಒಪ್ಪಿಗೆ ಪಡೆದು ದಾಖಲಿಸಿ, ಕೊನೆಯ ವಾರದಲ್ಲಿ ಅಷ್ಟೇ ಕಷ್ಟದ ಬೇರೊಂದು ಚಿತ್ರ ಕೊಟ್ಟು ಮತ್ತೆ ದಾಖಲಿಸಬೇಕು. ಎರಡನ್ನೂ ಮಕ್ಕಳೊಂದಿಗೆ ಕುಳಿತು ಕೇಳುವಾಗ ಮೂರನ್ನು ಮಾತ್ರ ಗಮನಿಸಿದರೆ ಸಾಕು: ಪಠ್ಯದಿಂದ ಎತ್ತಿಕೊಳ್ಳದೆ ತಾವೇ ಕಟ್ಟಿದ ವಾಕ್ಯಗಳೆಷ್ಟು, ಮಾತು ನಿಂತಲ್ಲಿ ಮತ್ತೆ ಎತ್ತಿಕೊಂಡರೋ, ಮತ್ತು ಕೇಳುವ ಬೇರೆ ಗುಂಪಿನವರಿಗೆ ಅರ್ಥವಾಯಿತೋ. ಆಲಿಸಿದ ನಂತರ ದಾಖಲೆಗಳನ್ನು ಫೋನಿನಿಂದ ಅಳಿಸಿ, ಈ ಮೂರು ಅಂಶಗಳ ಟಿಪ್ಪಣಿಯನ್ನು ಮಾತ್ರ ನಮ್ಮ ಬೋಧನಾ ದಿನಚರಿಯಲ್ಲಿ ಉಳಿಸಿಕೊಳ್ಳಬೇಕು. ಮಾರ್ಗದರ್ಶಕ ಅಧ್ಯಾಪಕರೊಂದಿಗೆ ಚರ್ಚಿಸಲು ಅದೇ ಆಧಾರವಾಗುತ್ತದೆ.